ರಾಯದುರ್ಗ: ಗಡಿಯ ಮೇಲಣ ಒಂದು ಹೊಲಿಗೆಯ ಪಟ್ಟಣ

ದಕ್ಷಿಣ ಭಾರತದ ಕೈಗಾರಿಕಾ ಊರುಗಳ ಮಾತು ಬಂದಾಗ ಕೊಯಮತ್ತೂರು, ದಾವಣಗೆರೆ, ಭದ್ರಾವತಿಗಳ ಹೆಸರು ಮೊದಲು ಕೇಳಿಬರುತ್ತದೆ. ಹತ್ತಿ ಬೆಳೆಯುವ ಎರೆಭೂಮಿ, ಬೆಟ್ಟದೊಳಗಿನ ಅದಿರು, ಜಲವಿದ್ಯುತ್ತು, ಅರಸರ ಬಂಡವಾಳ ಇವುಗಳಲ್ಲಿ ಒಂದಿಲ್ಲೊಂದು ಅಲ್ಲಿನ ಬೆಳವಣಿಗೆಗೆ ಕಾರಣವಾಗಿ ಎದ್ದು ಕಾಣುತ್ತದೆ. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಬಳ್ಳಾರಿಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಮೊಳಕಾಲ್ಮೂರಿನ ನೆರೆಯಲ್ಲಿರುವ ರಾಯದುರ್ಗಕ್ಕೆ ಅಂಥ ಕಾರಣವನ್ನು ಹುಡುಕಿದರೆ ಸುಲಭವಾಗಿ ಸಿಗದು. ಈ ಪಟ್ಟಣದ ಮುಖ್ಯ ಕಸುಬು ಸಿದ್ಧ ಉಡುಪು, ಅದರಲ್ಲಿಯೂ ಜೀನ್ಸ್ ಪ್ಯಾಂಟುಗಳ ಹೊಲಿಗೆ. ಆದರೆ ಅದಕ್ಕೆ ಬೇಕಾದ ಬಟ್ಟೆ ಇಲ್ಲಿ ಹುಟ್ಟುವುದಿಲ್ಲ, ಅದನ್ನು ಕೊಳ್ಳುವ ದೊಡ್ಡ ಮಾರುಕಟ್ಟೆ ಇಲ್ಲಿಲ್ಲ, ಸಾವಿರಾರು ಜನರನ್ನು ಒಂದೇ ಸೂರಿನಡಿ ದುಡಿಸುವ ಗಿರಣಿಯೂ ಈ ಊರನ್ನು ಕಟ್ಟಲಿಲ್ಲ. ಊರಿನಲ್ಲಿ ಇದ್ದದ್ದು ಕಸುಬುಗಾರರ ಕೈ ಮಾತ್ರ. ಆ ಕೈಗಳು ಇಲ್ಲಿ ಹೇಗೆ ಸೇರಿದವು, ಯಾವ ಒತ್ತಡಕ್ಕೆ ಸಿಕ್ಕಿ ಮಗ್ಗದಿಂದ ಹೊಲಿಗೆ ಯಂತ್ರಕ್ಕೆ ಬಂದವು, ನಡುವೆ ಬಂದ ರಾಜ್ಯದ ಗಡಿರೇಖೆ ಅವುಗಳ ಕೆಲಸವನ್ನು ಏಕೆ ತಡೆಯಲಾರದೆ ಹೋಯಿತು ಎಂಬುದೇ ಈ ಪಟ್ಟಣದ ಕೈಗಾರಿಕಾ ಚರಿತ್ರೆಯ ತಿರುಳು.

ರಾಯದುರ್ಗದ ಸೀಮೆ ಬಹು ಹಳೆಯ ಜನವಸತಿಯ ನೆಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಕಿರು ಶಾಸನಗಳು ಇಸಿಲ ಎಂಬ ಪಟ್ಟಣವನ್ನು ಹೆಸರಿಸುತ್ತವೆ. ಮೌರ್ಯರ ಆಡಳಿತ ದಕ್ಷಿಣದಲ್ಲಿ ಕಾಲೂರಿದ್ದ ಆ ಸ್ಥಳಗಳು ರಾಯದುರ್ಗದ ಬೆಟ್ಟಕ್ಕೆ ದೂರದವಲ್ಲ. ಊರಿನ ವಣಿಕ ಚರಿತ್ರೆಗೆ ಇನ್ನೂ ಹತ್ತಿರದ ಸಾಕ್ಷಿಯೆಂದರೆ ಒಂದನೆಯ ಹರಿಹರನ ಆಳ್ವಿಕೆಯಲ್ಲಿ, ಶಕವರ್ಷ 1277ರಲ್ಲಿ, ಅಂದರೆ 1355ರಲ್ಲಿ ಭೋಗರಾಜನೆಂಬ ಜೈನ ವರ್ತಕನು ಇಲ್ಲಿ ಶಾಂತಿನಾಥ ಜಿನನ ಪ್ರತಿಮೆಯನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುವ ಶಾಸನ. ವಿಜಯನಗರ ಸ್ಥಾಪನೆಯಾಗಿ ಇನ್ನೂ ಎರಡು ದಶಕ ಕಳೆಯುವ ಮುನ್ನವೇ ಜಿನಪ್ರತಿಮೆಯನ್ನು ಪ್ರತಿಷ್ಠಾಪಿಸುವಷ್ಟು ಹಣವುಳ್ಳ ವ್ಯಾಪಾರಿಯೊಬ್ಬ ಈ ಬೆಟ್ಟದ ಅಡಿಯಲ್ಲಿ ನೆಲೆಸಿದ್ದನೆಂದರೆ, ಕೋಟೆಗಿಂತ ಮೊದಲು ಪೇಟೆಯಿತ್ತೆಂದು ಹೇಳಲಾಗದಿದ್ದರೂ, ಕೋಟೆ ಮತ್ತು ಪೇಟೆ ಜೊತೆಯಾಗಿಯೇ ಬೆಳೆದವೆಂದು ಊಹಿಸಬಹುದು. ಬೆಟ್ಟದ ಬಂಡೆಗಳಲ್ಲಿ ಕೊರೆದ ರಸಸಿದ್ಧರ ಗುಡಿಯೆಂದು ಹೆಸರಾದ ಗವಿಗಳು, ಅಲ್ಲಿನ ಜೈನ ಮೂರ್ತಿಗಳು ಇದೇ ಪರಂಪರೆಯ ಉಳಿಕೆಗಳು.

ಕೋಟೆಯ ಬೆಟ್ಟಕ್ಕೆ ಎರಡು ಶಿಖರಗಳಿದ್ದು, ಒಂದು ಇನ್ನೊಂದಕ್ಕಿಂತ ಬಹಳ ಎತ್ತರವಾಗಿದೆ. ಎರಡನ್ನೂ ನಡುವಿನ ತಗ್ಗನ್ನೂ ಒಟ್ಟಿಗೆ ಬಳಸಿಕೊಂಡು ಗೋಡೆಗಳು ಓಡುತ್ತವೆ. ಸ್ಥಳೀಯ ಐತಿಹ್ಯದಂತೆ ಮೊದಲು ಇಲ್ಲಿ ನೆಲೆಯೂರಿದ್ದವರು ಬೇಡ ನಾಯಕರು; ಅವರು ಯಾರ ಮಾತಿಗೂ ಬಗ್ಗದಿದ್ದಾಗ ವಿಜಯನಗರದ ಅರಸರು ಭೂಪತಿರಾಯನೆಂಬ ಅಧಿಕಾರಿಯನ್ನು ಕಳಿಸಿದರು, ಆತ ಅವರನ್ನು ಹೊರಗಟ್ಟಿ ತಾನೇ ಆಳತೊಡಗಿದನು, ಬೆಟ್ಟಕ್ಕೆ ಭೂಪತಿರಾಯನ ಕೊಂಡ ಎಂಬ ಹೆಸರು ಅವನಿಂದಲೇ ಬಂದಿತು. 1565ರ ತಾಳಿಕೋಟೆ ಯುದ್ಧದ ಬಳಿಕ ಸಾಮ್ರಾಜ್ಯದ ಹಿಡಿತ ಸಡಿಲಿದ ಕಾಲದಲ್ಲಿ ದುರ್ಗವು ಕೋನೇಟಿ ನಾಯಕನ ವಂಶದವರ ಕೈಸೇರಿತು. ಸೈನ್ಯವನ್ನು ಇಟ್ಟುಕೊಂಡು, ಮೇಲಿನ ಅರಸನಿಗೆ ಕಪ್ಪ ಕೊಟ್ಟು, ತನ್ನ ಸೀಮೆಯ ಕಂದಾಯವನ್ನು ತಾನೇ ಎತ್ತುತ್ತಿದ್ದ ಇಂಥ ಸ್ಥಳೀಯ ಒಡೆಯರನ್ನು ಪಾಳೆಯಗಾರರೆಂದು ಕರೆಯುವ ರೂಢಿ. ಚಿತ್ರದುರ್ಗ, ಹರಪನಹಳ್ಳಿ, ರಾಯದುರ್ಗಗಳ ಪಾಳೆಯಗಾರರ ಪರಸ್ಪರ ಜಗಳಗಳ ವಿವರ ಈ ಪ್ರಬಂಧಕ್ಕೆ ಬೇಕಿಲ್ಲ. ಬೇಕಾದದ್ದು ಅವರು ಬೆಟ್ಟದ ಕೆಳಗೆ ನೇರ ಬೀದಿಗಳ ಪೇಟೆಯೊಂದನ್ನು ಉಳಿಸಿದರೆಂಬುದು. ಸೈನ್ಯವಿದ್ದಲ್ಲಿ ಕಮ್ಮಾರನಿಗೂ ಚಮ್ಮಾರನಿಗೂ ನೇಕಾರನಿಗೂ ಗಿರಾಕಿ ಇರುತ್ತಾನೆ, ಗೋಡೆಯಿದ್ದಲ್ಲಿ ವರ್ತಕನ ಮಾಲಿಗೆ ಕಾವಲಿರುತ್ತದೆ. ದಖ್ಖನ್ನಿನ ಅನೇಕ ಕೈಗಾರಿಕಾ ಪಟ್ಟಣಗಳ ಬೇರು ಇಂಥ ಕೋಟೆಯ ಪೇಟೆಗಳಲ್ಲಿಯೇ ಇದೆ.

ಹೈದರಾಲಿಯ ಕಾಲದಲ್ಲಿ ಮೈಸೂರಿಗೆ ಒಳಪಟ್ಟು ಉಳಿದುಕೊಂಡಿದ್ದ ಕೋನೇಟಿ ನಾಯಕನ ವಂಶಕ್ಕೆ ಕೇಡು ಬಂದದ್ದು 1786ರಲ್ಲಿ. ಟಿಪ್ಪು ಸುಲ್ತಾನನು ಆದವಾನಿಯ ಮೇಲೆ ದಂಡೆತ್ತಿ ಹೋದಾಗ ರಾಯದುರ್ಗ ಮತ್ತು ಹರಪನಹಳ್ಳಿಯ ಪಾಳೆಯಗಾರರು ನೆರವು ಕೊಡಲಿಲ್ಲ. ಆದವಾನಿ ಬಿದ್ದ ಮೇಲೆ ಅವನು ಈ ಎರಡು ಊರುಗಳನ್ನೂ ವಶಪಡಿಸಿಕೊಂಡು ಅವರನ್ನು ಸೆರೆಯೊಯ್ದನು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಸೀಮೆ ನಿಜಾಮನ ಪಾಲಿಗೆ ಬಂದಿತು, 1800ರ ಒಪ್ಪಂದದಲ್ಲಿ ಅವನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಹೀಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳಿಗೆ ದತ್ತಮಂಡಲವೆಂದು ಹೆಸರು. ಅದರ ಮೊದಲ ಪ್ರಧಾನ ಕಲೆಕ್ಟರನಾಗಿ 1807ರವರೆಗೆ ಇದ್ದ ಥಾಮಸ್ ಮನ್ರೊ ಪಾಳೆಯಗಾರರ ಅಧಿಕಾರವನ್ನು ಕಿತ್ತು, ಪ್ರತಿಯೊಬ್ಬ ರೈತನಿಂದ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿಯನ್ನು ಬೇರೂರಿಸಿದನು. ಹೊಲವಿಲ್ಲದವರೂ ತೆರಿಗೆಯಿಂದ ಪಾರಾಗಲಿಲ್ಲ. ಮಗ್ಗ, ಅಂಗಡಿ, ಗಾಣಗಳ ಮೇಲೆ ಹಾಕುತ್ತಿದ್ದ ಮೊತುರ್ಫಾ ಎಂಬ ತೆರಿಗೆ ಹಳೆಯ ಆಡಳಿತಗಳಿಂದ ಕಂಪನಿಯ ಕೈಗೆ ಬಂದು 19ನೆಯ ಶತಮಾನದ ನಡುವಿನವರೆಗೂ ನೇಕಾರರ ಬೆನ್ನು ಬಿಡಲಿಲ್ಲ. ಸೈನ್ಯವೆಂಬ ದೊಡ್ಡ ಗಿರಾಕಿಯನ್ನು ಕಳೆದುಕೊಂಡು ತೆರಿಗೆಯನ್ನು ಮಾತ್ರ ಉಳಿಸಿಕೊಂಡ ಕಸುಬುಗಾರರ ಪೇಟೆಯಾಗಿ ರಾಯದುರ್ಗವು ಹೊಸ ಕಾಲಕ್ಕೆ ಕಾಲಿಟ್ಟಿತು.

ಈ ಪೇಟೆಯ ನೇಯ್ಗೆಯನ್ನು ಮೊಳಕಾಲ್ಮೂರಿನ ನೇಯ್ಗೆಯಿಂದ ಬೇರ್ಪಡಿಸಿ ನೋಡಲಾಗದು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿದೆ, ಅಂದರೆ ಆ ಹೆಸರನ್ನು ಆ ಪ್ರದೇಶದ ಮಾಲಿಗಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಒಡಲಿನ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆಯಾಗಿ, ಎರಡೂ ಕೂಡುವಲ್ಲಿ ನೂಲುಗಳನ್ನು ಒಂದಕ್ಕೊಂದು ಸಿಕ್ಕಿಸಿ ನೇಯುವ ಕ್ರಮ, ಹಣ್ಣು, ಪ್ರಾಣಿ, ಹೂಗಳ ಬುಟ್ಟಾಗಳು ಅದರ ಗುರುತು. ರೇಷ್ಮೆಯ ಈ ಕುಶಲತೆ ಒಂದು ತಾಲ್ಲೂಕಿನ ಗಡಿಯಲ್ಲಿ ನಿಂತದ್ದಲ್ಲ. ನೇಕಾರ ಕುಟುಂಬಗಳ ಬೀಗತನ, ನೂಲು ಕೊಡುವ ಸಾಹುಕಾರರ ವ್ಯವಹಾರ, ಜಾತ್ರೆ ಸಂತೆಗಳು ಎಲ್ಲವೂ ಎರಡೂ ಕಡೆಗೆ ಹರಡಿದ್ದವು; ಬ್ರಿಟಿಷರ ಕಾಲದಲ್ಲಿ ಮೊಳಕಾಲ್ಮೂರು ಮೈಸೂರು ಸಂಸ್ಥಾನಕ್ಕೆ, ರಾಯದುರ್ಗ ಮದರಾಸು ಪ್ರಾಂತಕ್ಕೆ ಸೇರಿದ್ದರೂ ರಾಯದುರ್ಗದ ವ್ಯಾಪಾರದ ಬಹುಪಾಲು ಮೈಸೂರು ಸಂಸ್ಥಾನದೊಂದಿಗೇ ನಡೆಯುತ್ತಿತ್ತು. 19ನೆಯ ಶತಮಾನದಲ್ಲಿ ಗಿರಣಿಯ ನೂಲು ಮತ್ತು ಅಗ್ಗದ ವಿಲಾಯಿತಿ ಬಟ್ಟೆ ಒಳನಾಡಿಗೆ ನುಗ್ಗಿದಾಗ ಒರಟು ಹತ್ತಿ ಬಟ್ಟೆ ನೇಯುವವರು ಮೊದಲು ಸೋತರು. ಮದುವೆಗೂ ಹಬ್ಬಕ್ಕೂ ಬೇಕಾಗುವ ರೇಷ್ಮೆಯ ಸೀರೆಗೆ ಗಿರಣಿಯಲ್ಲಿ ಪೈಪೋಟಿ ಇಲ್ಲದ್ದರಿಂದ ರೇಷ್ಮೆ ಮಗ್ಗಗಳು ಉಳಿದವು.

ನೆಲವಂತೂ ಯಾರನ್ನೂ ನೆಮ್ಮದಿಯಾಗಿ ಉಳಿಯಲು ಬಿಡಲಿಲ್ಲ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಅದೂ ಹದಕ್ಕೆ ಬೀಳುವುದು ಅಪರೂಪ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿಯೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದಾಗಿತ್ತು. ಬರದಲ್ಲಿ ರೈತನು ಮೊದಲು ಬಿಡುವುದು ಬಟ್ಟೆಯ ಖರ್ಚನ್ನು. ಆದ್ದರಿಂದ ಬೆಳೆ ಹೋದ ತಿಂಗಳಲ್ಲೇ ಮಗ್ಗವೂ ನಿಲ್ಲುತ್ತಿತ್ತು, ಹೊಲದ ಮಣ್ಣು ಹೊತ್ತು ಅಭ್ಯಾಸವಿಲ್ಲದ ನೇಕಾರನಿಗೆ ಕಂಟೆ ಕಡಿಯುವ, ಕೆರೆ ತೋಡುವ ಪರಿಹಾರ ಕಾಮಗಾರಿಗಳು ಒಗ್ಗುತ್ತಿರಲಿಲ್ಲ. ಸೀಮೆಯ ನದಿಯಾದ ವೇದಾವತಿ, ಅಂದರೆ ಹಗರಿ, ಮೇಲ್ದಂಡೆಯಲ್ಲಿ ಹಿಂದಿನ ಮೈಸೂರು ಸಂಸ್ಥಾನದ ನೆಲದಲ್ಲಿ ಹುಟ್ಟಿ ಬರುತ್ತದೆ. ನದಿ ನೀರಿನ ಬಗ್ಗೆ ಮೈಸೂರು ಮತ್ತು ಮದರಾಸುಗಳ ನಡುವೆ 1892ರಲ್ಲಿ ಒಪ್ಪಂದವಾಗಿ, 1898ರಿಂದ 1907ರ ಅವಧಿಯಲ್ಲಿ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಎದ್ದಿತು. ಅದರ ಕೆಳಗೆ ರಾಯದುರ್ಗ ಸೀಮೆಯ ಭೈರವನತಿಪ್ಪೆಯಲ್ಲಿ ಸ್ವಾತಂತ್ರ್ಯಾನಂತರ ಕಟ್ಟಿದ ಜಲಾಶಯ ಎಷ್ಟೋ ವರ್ಷ ತಳ ಕಾಣುವಂತೆಯೇ ಇರುತ್ತಿತ್ತು. ವಾಣಿವಿಲಾಸ ಸಾಗರವೇ 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನು ನೆನೆದರೆ ಕೆಳಗಿನವರ ಪಾಡು ತಿಳಿಯುತ್ತದೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬಂದ ಕಣೇಕಲ್ಲು, ಬೊಮ್ಮನಹಾಳು ಭಾಗಗಳಲ್ಲಿ ಭತ್ತ ಬೆಳೆಯಿತು. ಉಳಿದ ಕೆಂಪು ಮಸಾರಿ ನೆಲವೆಲ್ಲ ಮಳೆಯನ್ನೇ ನಂಬಿ ಶೇಂಗಾ ಬಿತ್ತಿತು, ಬೆಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರಿನ ಬಸ್ಸು ಹತ್ತಿತು.

ಈ ಹಿನ್ನೆಲೆಯಲ್ಲಿ 1905ರಲ್ಲಿ ಬಳ್ಳಾರಿಯಿಂದ ರಾಯದುರ್ಗಕ್ಕೆ ಬಂದ ಮೀಟರ್ ಗೇಜ್ ರೈಲುಮಾರ್ಗವನ್ನು ಊರಿನ ಚರಿತ್ರೆಯ ಅತಿ ಮುಖ್ಯ ಘಟನೆಯೆಂದು ಕರೆದರೆ ಅತಿಶಯೋಕ್ತಿಯಲ್ಲ. ಅದು ಒಂದು ಕೊನೆಯ ನಿಲ್ದಾಣದ ಮಾರ್ಗವಾಗಿತ್ತು: ರೈಲು ರಾಯದುರ್ಗದವರೆಗೆ ಬಂದು ಮರಳುತ್ತಿತ್ತು, ಚಿತ್ರದುರ್ಗದ ಕಡೆಗಿನ ಜೋಡಣೆ 20ನೆಯ ಶತಮಾನದ ಕೊನೆಯವರೆಗೂ ಆಗಲಿಲ್ಲ. ಕೊನೆಯ ನಿಲ್ದಾಣವಾದದ್ದರಿಂದ ಊರಿಗೆ ಒಂದು ಲಾಭವಾಯಿತು, ಒಂದು ಕಟ್ಟೂ ಬಿದ್ದಿತು. ಸುತ್ತಲಿನ ಮೈಸೂರು ಸೀಮೆಯ ಧಾನ್ಯ, ಎಣ್ಣೆಕಾಳು, ಚರ್ಮಗಳು ಬಂಡಿಗಳಲ್ಲಿ ಇಲ್ಲಿಗೆ ಬಂದು ರೈಲು ಹತ್ತಬೇಕಾಗಿದ್ದರಿಂದ ಪೇಟೆ ಬೆಳೆಯಿತು. ಅದೇ ಹೊತ್ತಿಗೆ ಊರಿನ ಎಲ್ಲ ವ್ಯವಹಾರವೂ ಬಳ್ಳಾರಿಯೆಂಬ ಒಂದೇ ಬಾಗಿಲಿನಿಂದ ನಡೆಯುವಂತಾಯಿತು. ಸಾಲ ಕೊಡುವವರು, ನೂಲು ತರಿಸುವವರು, ವಕೀಲರು, ಆಸ್ಪತ್ರೆ, ಕಾಲೇಜು ಎಲ್ಲವೂ ಬಳ್ಳಾರಿಯಲ್ಲಿ. ಮುಂದಿನ ರಾಜಕೀಯ ಏನೇ ಆದರೂ ಈ ನಂಟು ಬಿಡದಂತೆ ಕಬ್ಬಿಣದ ಹಳಿ ಅದನ್ನು ಬಿಗಿದಿತ್ತು.

ರೈಲಿನ ಪಾತ್ರ ಎಷ್ಟು ದೊಡ್ಡದೆಂಬುದನ್ನು ಅರಿಯಲು ಅನಂತಪುರ ಸೀಮೆಯ ಇನ್ನೊಂದು ಕನ್ನಡ ಭಾಗವಾದ ಮಡಕಶಿರಾ ತಾಲ್ಲೂಕನ್ನು, ವಿಶೇಷವಾಗಿ ಅಮರಾಪುರದ ಸುತ್ತಲಿನ ಪ್ರದೇಶವನ್ನು ಪಕ್ಕದಲ್ಲಿಟ್ಟು ನೋಡಬೇಕು. ಹಳೆಯ ವೈಭವದಲ್ಲಿ ರಾಯದುರ್ಗ ಅಮರಾಪುರದ ಸೀಮೆಗೆ ಸಾಟಿಯಲ್ಲ. ಅಮರಾಪುರ ಮಂಡಲಕ್ಕೆ, ಅಂದರೆ ಆಂಧ್ರದ ಆಡಳಿತದಲ್ಲಿ ಹೋಬಳಿಗೂ ತಾಲ್ಲೂಕಿಗೂ ನಡುವಣ ಘಟಕಕ್ಕೆ, ಸೇರಿದ ಹೇಮಾವತಿಯೇ ಹಿಂದಿನ ಹೆಂಜೇರು. ನೊಳಂಬವಾಡಿ 32000ವನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ. ಅಲ್ಲಿನ ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳನ್ನು ಕೆತ್ತಿದ ರೂವಾರಿಗಳು ಕಪ್ಪು ಕಲ್ಲನ್ನು ಕನ್ನಡಿಯಂತೆ ನಯಗೊಳಿಸುವುದರಲ್ಲಿ ಎಷ್ಟು ಪಳಗಿದ್ದರೆಂದರೆ, ನೊಳಂಬರ ಕಂಬಗಳನ್ನು ಚೋಳರ ಕಾಲದಲ್ಲಿ ಕಾವೇರಿ ದಡದ ತಿರುವೈಯಾರಿನ ದೇವಾಲಯಕ್ಕೆ ಸಾಗಿಸಲಾಯಿತು, ಹೇಮಾವತಿಯ ಇನ್ನು ಕೆಲವು ಕಂಬಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಅಮರಾಪುರದಲ್ಲಿ ದೊರೆತ 1278ರ ಕನ್ನಡ ಶಾಸನವು ನಿಡುಗಲ್ಲಿನ ಚೋಳ ಅರಸ ಇರುಂಗೋಳನ ಕಾಲದ್ದು. ತೈಲಂಗೆರೆಯ ಬ್ರಹ್ಮಜಿನಾಲಯದ ಪಾರ್ಶ್ವದೇವನಿಗೆ ಮಲ್ಲಿಸೆಟ್ಟಿಯೆಂಬ ವರ್ತಕನು ತಮ್ಮಡಹಳ್ಳಿಯಲ್ಲಿ 2000 ಅಡಿಕೆ ಮರಗಳನ್ನು ದತ್ತಿಯಾಗಿ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ಬರದ ನಾಡೆಂದು ಹೆಸರಾದ ಸೀಮೆಯಲ್ಲಿ ಏಳು ಶತಮಾನಗಳ ಹಿಂದೆಯೇ ಒಬ್ಬ ಸೆಟ್ಟಿಯ ಕೈಯಲ್ಲಿ ಎರಡು ಸಾವಿರ ಅಡಿಕೆ ಮರಗಳಿದ್ದವೆಂದರೆ ಕೆರೆ ನೀರಾವರಿಯೂ, ಮಾರಾಟಕ್ಕೆಂದೇ ಬೆಳೆಯುವ ತೋಟಗಾರಿಕೆಯೂ, ಅದರ ಹಿಂದಿನ ಬಂಡವಾಳವೂ ಆಗಲೇ ಗಟ್ಟಿಯಾಗಿದ್ದವೆಂದು ಅರ್ಥ. ಅಮರಾಪುರದ ಸುತ್ತ ಅಡಿಕೆ ತೋಟಗಳು ಇಂದಿಗೂ ಇವೆ, ಕೊಳವೆಬಾವಿಗಳ ನೀರಿನ ಮೇಲೆ.

ಇಷ್ಟಿದ್ದೂ ಅಮರಾಪುರವಾಗಲಿ ಮಡಕಶಿರಾವಾಗಲಿ ಕೈಗಾರಿಕಾ ಪಟ್ಟಣವಾಗಲಿಲ್ಲ. ಈ ಸೀಮೆಯ ಮತ್ತೊಂದು ಸಂಪತ್ತಾದ ರೇಷ್ಮೆಯ ಗೂಡಿನ ದಾರಿಯನ್ನು ಹಿಡಿದು ಹೋದರೆ ಕಾರಣ ತಿಳಿಯುತ್ತದೆ. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಮೇವು ಬಿಟ್ಟು ನಿಶ್ಚಲವಾಗಿರುವ ಆ ಅವಧಿಯನ್ನು ರೈತರು ಜ್ವರವೆನ್ನುತ್ತಾರೆ, ನಾಲ್ಕನೆಯ ಜ್ವರ ಕಳೆದು ಹಣ್ಣಾದ ಹುಳುವನ್ನು ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟಾಗ ಅದು ಗೂಡು ಕಟ್ಟುತ್ತದೆ. ಗೂಡನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ಹೊರಬಿದ್ದರೆ ನೂಲಿನ ಎಳೆ ತುಂಡಾಗುತ್ತದೆ. ಆದ್ದರಿಂದ ರೈತನು ಮಾರುಕಟ್ಟೆಗೆ ಓಡಲೇಬೇಕು, ಆ ಮಾರುಕಟ್ಟೆ ಇರುವುದು ಹಿಂದೂಪುರದಲ್ಲಿ, ಇಲ್ಲವೇ ಗಡಿಯಾಚೆಯ ಶಿರಾ, ರಾಮನಗರ, ಶಿಡ್ಲಘಟ್ಟಗಳಲ್ಲಿ. 1890ರ ದಶಕದ ಆರಂಭದಲ್ಲಿ ಬೆಂಗಳೂರು–ಗುಂತಕಲ್ಲು ರೈಲುಮಾರ್ಗ ಹಿಂದೂಪುರದ ಮೂಲಕ ಹಾದುಹೋದ ಮೇಲೆ ಬೆಲ್ಲ, ಹುಣಸೆ, ಮೆಣಸಿನಕಾಯಿ, ಗೂಡುಗಳ ವ್ಯಾಪಾರವೆಲ್ಲ ಅಲ್ಲಿ ಕೂಡಿತು. ಮುಂದೆ ಕೊಯಮತ್ತೂರಿನ ಬಂಡವಾಳದ ನೂಲಿನ ಗಿರಣಿ ಕಿರಿಕೆರೆಗೆ ಬಂದದ್ದೂ, ಸಕ್ಕರೆ ಕಾರ್ಖಾನೆ ಆರಂಭವಾಗಿ ಮುಚ್ಚಿದ್ದೂ, ತೂಮಕುಂಟೆಯ ಕೈಗಾರಿಕಾ ವಸಾಹತು ಬೆಳೆದದ್ದೂ ಆ ಹಳಿಯ ಆಸುಪಾಸಿನಲ್ಲಿಯೇ. ಮಡಕಶಿರಾ ತಾಲ್ಲೂಕು ಗೂಡು, ಅಡಿಕೆ, ಹುಣಸೆಯನ್ನು ಬೆಳೆದು ಕೊಟ್ಟಿತು, ಅದರ ಮೇಲಿನ ಲಾಭ ರೈಲಿದ್ದ ಊರಿನಲ್ಲಿ ಉಳಿಯಿತು. ಕಚ್ಚಾ ಮಾಲಿನ ಸೀಮೆ ಹಳ್ಳಿಯಾಗಿಯೇ ಉಳಿದು, ಕಚ್ಚಾ ಮಾಲು ಏನೂ ಇಲ್ಲದ ರಾಯದುರ್ಗ ಕೈಗಾರಿಕಾ ಪಟ್ಟಣವಾದದ್ದು ಈ ಪ್ರದೇಶದ ಆರ್ಥಿಕ ಚರಿತ್ರೆಯ ಒಂದು ವಿಚಿತ್ರ.

ಆಡಳಿತದ ನಕ್ಷೆ ಬದಲಾದದ್ದು ಎರಡು ಹಂತಗಳಲ್ಲಿ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಮತ್ತೆ ಒಡೆಯಿತು: ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಸಂಡೂರು ಮೊದಲಾದವು ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಬಳ್ಳಾರಿ ಪಟ್ಟಣ ಯಾರಿಗೆ ಸೇರಬೇಕೆಂಬ ಪ್ರಶ್ನೆಯ ಮೇಲೆ ನಡೆದ ಹೋರಾಟದ ಗದ್ದಲದಲ್ಲಿ ರಾಯದುರ್ಗದ ಪ್ರಶ್ನೆ ಬಹುಮಟ್ಟಿಗೆ ಅಡಗಿಹೋಯಿತೆನ್ನಬೇಕು. ಕನ್ನಡವನ್ನೂ ತೆಲುಗನ್ನೂ ಒಂದೇ ಸಲಿಗೆಯಿಂದ ಆಡುವ ಜನರಿದ್ದ ಪಟ್ಟಣವೊಂದು ತನ್ನ ಜಿಲ್ಲಾ ಕೇಂದ್ರವನ್ನು ಕಳೆದುಕೊಂಡು, ಅದುವರೆಗೆ ಹೆಚ್ಚು ವ್ಯವಹಾರವಿಲ್ಲದಿದ್ದ ಅನಂತಪುರದ ಕಡೆಗೆ ಮುಖ ಮಾಡಬೇಕಾಯಿತು. ಆದರೆ ಹಳಿ ಬಳ್ಳಾರಿಯ ಕಡೆಗೇ ಇತ್ತು, ಸಾಲ ಬಳ್ಳಾರಿಯಲ್ಲಿತ್ತು, ಬೀಗರು ಮೊಳಕಾಲ್ಮೂರಿನಲ್ಲಿದ್ದರು. ಕಚೇರಿಯ ಕಾಗದ ಒಂದು ದಿಕ್ಕಿಗೂ ಮಾಲಿನ ಗಂಟು ಇನ್ನೊಂದು ದಿಕ್ಕಿಗೂ ಹೋಗುವ ಪರಿಪಾಠ ಆಗ ಆರಂಭವಾದದ್ದು ಇಂದಿಗೂ ನಿಂತಿಲ್ಲ.

ರಾಯದುರ್ಗ ಹೊಲಿಗೆಯ ಊರಾದದ್ದೂ ಈ ಪರಿಪಾಠದ ಫಲವೇ. ಬಳ್ಳಾರಿಯಲ್ಲಿ ಬ್ರಿಟಿಷ್ ಸೈನ್ಯದ ದಂಡು ಇದ್ದ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯುವ ದರ್ಜಿಗಳ ಕುಟುಂಬಗಳು ಅಲ್ಲಿ ನೆಲೆಸಿದವೆಂದೂ, ದಂಡು ಹೋದ ಮೇಲೆ ದಪ್ಪ ಬಟ್ಟೆಯ ಮೇಲೆ ಪಳಗಿದ ಅವರ ಕೈ ಸಿದ್ಧ ಉಡುಪಿಗೆ, ಮುಂದೆ ಜೀನ್ಸಿಗೆ ತಿರುಗಿತೆಂದೂ ಬಳ್ಳಾರಿಯ ಉದ್ಯಮದವರು ಹೇಳುತ್ತಾರೆ. ಜೀನ್ಸಿಗೆ ಬಳಸುವ ಡೆನಿಮ್ ಎಂಬ ಬಟ್ಟೆಯಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ ಕಟ್ಟಿ, ಹೊಕ್ಕಿನ ನೂಲನ್ನು ಬಿಳಿಯಾಗಿಯೇ ಬಿಟ್ಟು, ಓರೆ ಗೆರೆ ಬೀಳುವಂತೆ ಬಿಗಿಯಾಗಿ ನೇಯಲಾಗುತ್ತದೆ. ಅದಕ್ಕೇ ಪ್ಯಾಂಟಿನ ಹೊರಮೈ ನೀಲಿ, ಒಳಮೈ ಬಿಳಿಚು. 1980ರ ದಶಕದ ಕೊನೆಯಲ್ಲಿ ಅಹಮದಾಬಾದಿನ ಅರವಿಂದ್ ಗಿರಣಿ ದೊಡ್ಡ ಪ್ರಮಾಣದಲ್ಲಿ ಡೆನಿಮ್ ತಯಾರಿಸತೊಡಗಿದ ಮೇಲೆ ಈ ಬಟ್ಟೆ ಸಣ್ಣ ಊರಿನ ದರ್ಜಿಯ ಕೈಗೂ ಎಟುಕಿತು. ಅದೇ ಗಿರಣಿ 1995ರಲ್ಲಿ ಬಟ್ಟೆ, ಜಿಪ್ಪು, ಗುಂಡಿ, ರಿವೆಟ್ಟುಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ, ಊರಿನ ದರ್ಜಿಯಿಂದಲೇ ಹೊಲಿಸಿಕೊಳ್ಳಿರೆಂದು ರಫ್ ಅಂಡ್ ಟಫ್ ಎಂಬ ಹೆಸರಿನಲ್ಲಿ ಮಾರಿದ್ದನ್ನು ಗಮನಿಸಿದರೆ, ಜೀನ್ಸ್ ಎಂಬುದು ಆ ಹೊತ್ತಿಗೆ ನಗರದ ಕಾರ್ಖಾನೆಯ ಗುಟ್ಟಾಗಿ ಉಳಿದಿರಲಿಲ್ಲವೆಂಬುದು ಸ್ಪಷ್ಟ. ಇದರ ಜೊತೆಗೆ ಸರ್ಕಾರದ ನೀತಿಯೂ ಸೇರಿತು: 2000ದ ಜವಳಿ ನೀತಿ ತೆರವು ಮಾಡುವವರೆಗೆ ಸಿದ್ಧ ಉಡುಪಿನ ತಯಾರಿಕೆ ಸಣ್ಣ ಕೈಗಾರಿಕೆಗಳಿಗೆ ಮೀಸಲಾಗಿತ್ತು, ಹೀಗಾಗಿ ಹತ್ತಾರು ಯಂತ್ರಗಳ ಶೆಡ್ಡುಗಳಿಗೆ ದೊಡ್ಡ ಬಂಡವಾಳದ ಭಯವಿರಲಿಲ್ಲ.

ಬಳ್ಳಾರಿಯ ಶೆಡ್ಡುಗಳಿಗೆ ಕೆಲಸ ಹೆಚ್ಚಿದಂತೆ ಅದು ಹಳೆಯ ಹಳಿಯಗುಂಟ ರಾಯದುರ್ಗಕ್ಕೆ ಹರಿಯಿತು. ಇಲ್ಲಿ ಕಾದಿದ್ದವರಲ್ಲಿ ವಿದ್ಯುತ್ ಮಗ್ಗದ ಪೈಪೋಟಿಯಲ್ಲಿ ಕೈಮಗ್ಗ ಬಿಟ್ಟ ನೇಕಾರರ ಮಕ್ಕಳಿದ್ದರು, ಶೇಂಗಾ ಕೈಕೊಟ್ಟ ಸುತ್ತಲಿನ ಹಳ್ಳಿಗಳ ಯುವಕರಿದ್ದರು, ಹೆಂಗಸರಿದ್ದರು. ಕೆಲಸ ನಡೆಯುವ ಕ್ರಮವನ್ನು ತಿಳಿದರೆ ಇಂಥ ಊರಿಗೆ ಅದೇಕೆ ಒಗ್ಗಿತೆಂಬುದೂ ತಿಳಿಯುತ್ತದೆ. ಬಳ್ಳಾರಿಯ ಅಥವಾ ಬೆಂಗಳೂರಿನ ವ್ಯಾಪಾರಿ ತಾನುಗಳನ್ನು ಕಳಿಸುತ್ತಾನೆ. ಅವುಗಳನ್ನು ಪದರ ಪದರವಾಗಿ ಮೇಜಿನ ಮೇಲೆ ಹಾಸಿ, ಅಳತೆಯ ಮಾದರಿಯಿಟ್ಟು, ವಿದ್ಯುತ್ ಕತ್ತರಿಯಿಂದ ಒಂದೇ ಸಲಕ್ಕೆ ಹತ್ತಾರು ಪದರ ಕೊಯ್ಯುವುದು ಕಟಿಂಗ್ ಮಾಸ್ಟರನ ಕೆಲಸ, ಅವನ ಕೈ ತಪ್ಪಿದರೆ ಇಡೀ ಗಂಟು ಹಾಳು. ಕೊಯ್ದ ಬಿಡಿಭಾಗಗಳು ಜೇಬು, ಜಿಪ್ಪು, ಬದಿ, ಸೊಂಟಪಟ್ಟಿ ಎಂದು ಹಂಚಿಹೋಗುತ್ತವೆ. ಒಬ್ಬನು ದಿನವಿಡೀ ಜೇಬನ್ನೇ ಕೂಡಿಸುತ್ತಾನೆ, ಇನ್ನೊಬ್ಬನು ಬದಿಯನ್ನೇ ಓಡಿಸುತ್ತಾನೆ. ಕಾಜಾ ಬಟನ್, ಉಳಿದ ದಾರ ಕತ್ತರಿಸುವುದು, ಇಸ್ತ್ರಿ, ಮಡಿಕೆ ಇವು ಕೊನೆಯ ಹಂತಗಳು. ದಾರ ಕತ್ತರಿಸುವಂಥ ಕೆಲಸಗಳು ಗಂಟುಗಟ್ಟಲೆ ಮನೆಗಳಿಗೂ ಹೋಗುತ್ತವೆ. ಬಟ್ಟೆ ಬೇರೆಯವನದು, ಹೊಲಿಗೆ ಮಾತ್ರ ತನ್ನದು ಎಂಬ ಈ ಏರ್ಪಾಡಿಗೆ ಜಾಬ್ ವರ್ಕ್ ಎಂದೇ ಹೆಸರು. ಕೂಲಿ ಪೀಸಿನ ಲೆಕ್ಕ, ಬಟವಾಡೆ ವಾರದ ಲೆಕ್ಕ. ಕೈಮಗ್ಗದ ಕಾಲದಲ್ಲಿ ಸಾಹುಕಾರನು ನೂಲು ಕೊಟ್ಟು ಸೀರೆ ಪಡೆದು ಮಜೂರಿ ಕೊಡುತ್ತಿದ್ದ ಪದ್ಧತಿಯೇ ಯಂತ್ರ ಬದಲಿಸಿಕೊಂಡು ಬಂದಂತಿದೆ: ಅಂದಿನಂತೆ ಇಂದೂ ಮಾಲಿನ ಒಡೆತನವಾಗಲಿ ಮಾರುಕಟ್ಟೆಯಾಗಲಿ ದುಡಿಯುವವನ ಕೈಯಲ್ಲಿಲ್ಲ, ಅಂದಿನಂತೆ ಇಂದೂ ಬೇಡಿಕೆ ಕುಸಿದ ವಾರದ ನಷ್ಟ ಅವನದೇ. ಸಣ್ಣ ಶೆಡ್ಡುಗಳಲ್ಲಿ ಭವಿಷ್ಯನಿಧಿ, ಆರೋಗ್ಯ ವಿಮೆಗಳ ಮಾತು ವಿರಳ. ಸ್ವಂತ ಉದ್ಯಮಿಗಳ ಪಟ್ಟಣವೆಂದು ಇದನ್ನು ಹೊಗಳುವ ವರದಿಗಳು ಈ ಅಂಶವನ್ನು ಸಾಮಾನ್ಯವಾಗಿ ಮರೆಯುತ್ತವೆ.

ಜೀನ್ಸಿನ ಇನ್ನೊಂದು ಹಂತವಾದ ವಾಷಿಂಗ್ ಈ ಸೀಮೆಗೆ ಸರಿಹೊಂದದ ಕೆಲಸ. ಹೊಲಿದಾಗ ಹಲಗೆಯಂತೆ ಬಿರುಸಾಗಿರುವ ಪ್ಯಾಂಟನ್ನು ದೊಡ್ಡ ಪೀಪಾಯಿಗಳಲ್ಲಿ ಕಿಣ್ವ, ಬ್ಲೀಚು, ಕೆಲವೊಮ್ಮೆ ಹಗುರ ಕಲ್ಲುಗಳ ಜೊತೆ ತಿರುಗಿಸಿ ಮೆದುಮಾಡಿ ಬಣ್ಣ ತಗ್ಗಿಸುತ್ತಾರೆ. ಒಂದು ಪ್ಯಾಂಟಿಗೆ ಹತ್ತಾರು ಲೀಟರ್ ನೀರು ಬೇಕು, ಹೊರಗೆ ಬರುವುದು ಉಪ್ಪು ಮತ್ತು ರಾಸಾಯನಿಕಗಳ ನೀಲಿ ನೀರು. ಬಳ್ಳಾರಿಯಲ್ಲಿ ಈ ಘಟಕಗಳ ಕೊಳಚೆ ನೀರು ದೊಡ್ಡ ವಿವಾದವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕ್ರಮಕ್ಕೂ ಗುರಿಯಾಗಿದೆ. ಕುಡಿಯುವ ನೀರಿಗೇ ಕಾಲುವೆಯ ಕಡೆ ನೋಡುವ ಸೀಮೆಯಲ್ಲಿ, ಕೊಳಚೆಯನ್ನು ಶುದ್ಧಗೊಳಿಸಿ ಮರುಬಳಸುವ ಸಾಮೂಹಿಕ ಘಟಕವಿಲ್ಲದೆ ಈ ಹಂತವನ್ನು ಬೆಳೆಸುವುದು ಯಾವ ಊರಿಗೂ ಒಳ್ಳೆಯದಲ್ಲ.

ರಾಯದುರ್ಗದ ನೆರೆಯಲ್ಲಿ ಕಚ್ಚಾ ಮಾಲಿನ ಕೈಗಾರಿಕೆ ಒಮ್ಮೆ ಬಂದು ಹೋದದ್ದನ್ನೂ ಇಲ್ಲಿ ಹೇಳಬೇಕು. ಡಿ. ಹಿರೇಹಾಳು ಮಂಡಲದ ಓಬಳಾಪುರದ ಬೆಟ್ಟಗಳು ಬಳ್ಳಾರಿಯ ಅದಿರು ಶ್ರೇಣಿಯ ಮುಂದುವರಿಕೆ. ಹೊಸ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಈ ಸಣ್ಣ ಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 1953ರಿಂದ ಯಾರೂ ಹೆಚ್ಚಾಗಿ ತಲೆಕೆಡಿಸಿಕೊಳ್ಳದಿದ್ದ ಗಡಿರೇಖೆ ಆಗ ಅದಿರಿನ ಹಕ್ಕಿನ ಪ್ರಶ್ನೆಯಾಯಿತು, ಗಡಿಕಲ್ಲುಗಳು ಕಾಣೆಯಾದ ಆರೋಪಗಳೆದ್ದವು, ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಗಣಿಗಾರಿಕೆ ನಿಂತಿತು. ಹತ್ತು ವರ್ಷವೂ ಬಾಳದ ಆ ಐಶ್ವರ್ಯದಿಂದ ರಾಯದುರ್ಗ ಪಟ್ಟಣಕ್ಕೆ ಶಾಶ್ವತವಾಗಿ ದಕ್ಕಿದ್ದು ಅತ್ಯಲ್ಪ. ಲಾರಿಗಳ ಕೆಂಪು ಧೂಳು ಇಳಿದ ಮೇಲೆ ಉಳಿದದ್ದು ಮತ್ತೆ ಹೊಲಿಗೆಯೇ.

ಹೊಲಿಗೆಯ ಊರಿಗೆ ಕಷ್ಟಗಳು ಬೇರೆ ರೂಪದಲ್ಲಿ ಬಂದವು. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ 1000 ರೂಪಾಯಿವರೆಗಿನ ಉಡುಪಿಗೆ ಶೇಕಡಾ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇಕಡಾ 12 ಎಂದು ದರ ನಿಗದಿಯಾದಾಗ, ಚೀಟಿಯ ಲೆಕ್ಕದಲ್ಲಿ ನಡೆಯುತ್ತಿದ್ದ ಎರಡು ರಾಜ್ಯಗಳ ನಡುವಿನ ವ್ಯವಹಾರಕ್ಕೆ ಮೊದಲ ಬಾರಿಗೆ ಕಾಗದಪತ್ರದ ಶಿಸ್ತು ಬೇಕಾಯಿತು. 2020ರ ಮಾರ್ಚ್ 25ರಿಂದ ಕೋವಿಡ್ ಲಾಕ್‌ಡೌನಿನಲ್ಲಿ ರಾಜ್ಯದ ಗಡಿಗಳು ಮುಚ್ಚಿದ್ದು ಇನ್ನೂ ದೊಡ್ಡ ಪೆಟ್ಟು: ಬಟ್ಟೆ ಒಂದು ರಾಜ್ಯದಲ್ಲಿ, ಹೊಲಿಯುವ ಕೈ ಇನ್ನೊಂದು ರಾಜ್ಯದಲ್ಲಿ ಇರುವ ಉದ್ಯಮಕ್ಕೆ ತನಿಖಾ ಠಾಣೆಯ ಅಡ್ಡಗಂಬಕ್ಕಿಂತ ದೊಡ್ಡ ಶತ್ರುವಿಲ್ಲ. ಇತ್ತ ಆಗಿನ ಅನಂತಪುರ ಜಿಲ್ಲೆಯ ಇನ್ನೊಂದು ತುದಿಯ ಪೆನುಕೊಂಡೆಯ ಬಳಿ 2017ರಲ್ಲಿ ಒಪ್ಪಂದವಾಗಿ 2019ರಲ್ಲಿ ಕಾರು ಹೊರತಂದ ಕಿಯಾ ಕಾರ್ಖಾನೆಗೆ ಸರ್ಕಾರ ನೆಲವನ್ನೂ ನೀರನ್ನೂ ಒದಗಿಸಿತು. ಅಂಥ ಉಪಚಾರ ರಾಯದುರ್ಗದ ಶೆಡ್ಡುಗಳಿಗೆ ಎಂದೂ ಸಿಕ್ಕಿಲ್ಲ. ಬಂಡವಾಳದ ಒಂದೇ ಎಣಿಕೆಯಲ್ಲಿ ಎರಡನ್ನೂ ತೂಗುವುದು ಸರಿಯಲ್ಲ. ಕಾರಿನ ಕಾರ್ಖಾನೆ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ, ಹೊಲಿಗೆಯ ಶೆಡ್ಡು ಶಾಲೆ ಬಿಟ್ಟವರಿಗೂ, ಮನೆ ಬಿಟ್ಟು ಹೋಗಲಾರದ ತಾಯಂದಿರಿಗೂ ಕೆಲಸ ಕೊಡುತ್ತದೆ, ಬರದ ಸೀಮೆಯಲ್ಲಿ ಗುಳೆ ತಡೆಯುವುದರಲ್ಲಿ ಎರಡನೆಯದರ ಪಾಲೇ ಹಿರಿದು.

2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆಯೂ ಇಬ್ಭಾಗವಾಗಿ, ರಾಯದುರ್ಗ ಅನಂತಪುರದಲ್ಲಿ ಉಳಿಯಿತು, ಮಡಕಶಿರಾ ಮತ್ತು ಅಮರಾಪುರಗಳು ಪುಟ್ಟಪರ್ತಿಯನ್ನು ಕೇಂದ್ರವಾಗಿ ಉಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಗಡಿನಾಡ ಕನ್ನಡಿಗರ ಈ ಎರಡು ಸೀಮೆಗಳು ಆಡಳಿತದಲ್ಲಿ ಬೇರೆಯಾದರೂ ಅವುಗಳನ್ನು ಕೂಡಿಸುವ ಒಂದು ಕೆಲಸ ನಡೆಯುತ್ತಿದೆ. 2007–08ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾದ, ಸುಮಾರು 207 ಕಿಲೋಮೀಟರ್ ಉದ್ದದ ತುಮಕೂರು–ರಾಯದುರ್ಗ ಮಾರ್ಗವು ಕೊರಟಗೆರೆ, ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗಗಳ ಮೇಲೆ ಹಾದು ರಾಯದುರ್ಗವನ್ನು ಸೇರುತ್ತದೆ; ರಾಯದುರ್ಗದಿಂದ ಕಲ್ಯಾಣದುರ್ಗದ ಕಡೆಯ ಭಾಗದಲ್ಲಿ ರೈಲು ಓಡಾಟ ಈಗಾಗಲೇ ಆರಂಭವಾಗಿದೆ. ಮಾರ್ಗ ಪೂರ್ಣಗೊಂಡ ದಿನ ರಾಯದುರ್ಗದ ಮಾಲು ತುಮಕೂರಿನ ಮೇಲೆ ನೇರವಾಗಿ ಬೆಂಗಳೂರನ್ನು ಮುಟ್ಟಲಿದೆ, ಮಡಕಶಿರಾ ತಾಲ್ಲೂಕಿನ ಗೂಡಿಗೂ ಅಡಿಕೆಗೂ ತನ್ನದೇ ನೆಲದಲ್ಲಿ ಮೊದಲ ರೈಲು ನಿಲ್ದಾಣ ಸಿಗಲಿದೆ.